ಕುರುಗೋಡಿನಲ್ಲಿ ಭೂಕಂಪದ ಪಾಠ

ಭೂಮಿಯ ಒಳಗೆ ಏನು ನಡೆಯುತ್ತದೆ ಎಂದು ಹೇಳಲು ಹೋದಾಗಲೆಲ್ಲ ಭೂಮಿಯ ಮೇಲೆ ಏನಾದರೊಂದು ನಡೆದುಬಿಡುತ್ತದೆ.

ನಾನು ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ. ಓದಿದ್ದು ಬಿಎಸ್ಸಿ. ಸಮಾಜ ವಿಜ್ಞಾನದ ಹುದ್ದೆ ಖಾಲಿ ಇರುವುದರಿಂದ ಭೂಗೋಳವೂ ನನಗೇ. ಕಳೆದ ವರ್ಷ ಹೆಡ್‌ಮಾಸ್ಟರ್ ನನ್ನನ್ನು ಕರೆದು, ಅಧಿಕಾರಿಯೊಬ್ಬರು ನನ್ನ ಭೂಕಂಪದ ಪಾಠ ನೋಡಲು ಬರುತ್ತಾರೆ ಎಂದರು. ಅವರು ಹೂಂ ಅಂದರೆ ಮುಂದಿನ ವರ್ಷವೂ ನಾನು ಇರುತ್ತೇನೆ, ಇಲ್ಲವಾದರೆ ಇಲ್ಲ. ನಾನು ಕ್ರಮವಾಗಿ ತಯಾರಿ ಶುರುಮಾಡಿದೆ.

ಹಿಮಾಲಯ

ಮೊದಲ ಪ್ರಯೋಗ ಸಿರುಗುಪ್ಪದ ಅಕ್ಕನ ಮನೆಯಲ್ಲಿ, ಅವಳ ಇಬ್ಬರು ಮಕ್ಕಳ ಮೇಲೆ. ಕಾಯಿಸಿ ಆರಿಸಿದ ಹಾಲಿನ ಪಾತ್ರೆ ಇಟ್ಟುಕೊಂಡೆ. ಮೇಲಿನ ಕೆನೆ ಭೂಮಿಯ ಚಿಪ್ಪು. ಚಮಚದಿಂದ ಅದನ್ನು ಎರಡು ಫಲಕಗಳಾಗಿ ಸೀಳಿ, ಒಂದನ್ನು ಇನ್ನೊಂದರತ್ತ ತಳ್ಳಿದೆ. ನಡುವೆ ಕೆನೆ ಸುಕ್ಕುಗಟ್ಟಿ ಮೇಲೆದ್ದಿತು. ಹಿಮಾಲಯ ಹುಟ್ಟಿದ್ದು ಹೀಗೆ ಎಂದೆ.

ಭಾವ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾವು ಫಲಕದ ನಡುಭಾಗದಲ್ಲಿದ್ದೇವೆ, ಅಲುಗಾಟವೆಲ್ಲ ಹೆಚ್ಚಾಗಿ ಅಂಚಿನವರಿಗೆ ಎಂದು ಅವರಿಗೂ ವಿವರಿಸಿದೆ.

"ಅಂಚಿನಾಗ ಇದ್ದೋರ ಹಣೇಬರನ ಅಷ್ಟು," ಎಂದರು. "ದೇಶನೂರಾಗ ನಮ್ಮ ಗದ್ದಿ ನೋಡು, ಕಾಲುವಿ ಕೊನೀಗೈತಿ, ನೀರ ಮುಟ್ಟಂಗಿಲ್ಲ."

ಕಾಲುವೆಯ ವಿಷಯ ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿರುಗಿ ನೋಡಿದರೆ ಹಿಮಾಲಯ ಇರಲಿಲ್ಲ. ಅಕ್ಕನ ಚಿಕ್ಕ ಮಗನ ಮೂಗಿನ ಕೆಳಗೆ ಸ್ವಲ್ಪ ಉಳಿದಿತ್ತು.

ಜ್ವಾಲಾಮುಖಿ

ಜ್ವಾಲಾಮುಖಿಯ ಮಾದರಿಗೆ ಅಡುಗೆ ಸೋಡಾ ಬೇಕಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಮನೆಯವರೆಲ್ಲ ಚಾಚಾ ಎಂದು ಕರೆಯುವ ಕಿರಾಣಿ ಅಂಗಡಿಯವರಿದ್ದಾರೆ. ದೊಡ್ಡ ಪೊಟ್ಟಣ ಕೇಳಿದೆ. ಮಿರ್ಚಿ ಬಜ್ಜಿಗೇನು ಎಂದರು. ಅಲ್ಲ, ಜ್ವಾಲಾಮುಖಿಗೆ ಎಂದೆ. ಅವರು ಕೈ ನಿಲ್ಲಿಸಲಿಲ್ಲ, ಎಷ್ಟು ಹಾಕುತ್ತೀರಿ ಎಂದು ಮಾತ್ರ ಕೇಳಿದರು. ಪೊಟ್ಟಣ ಪೂರ್ತಿ ಎಂದೆ.

"ಭಾಳಾತು ಬೇಟಾ. ಎಣ್ಣಿ ಕುಡೀತೈತಿ."

ಜ್ವಾಲಾಮುಖಿಯಲ್ಲಿ ಎಣ್ಣೆ ಇರುವುದಿಲ್ಲ ಎಂದು ಹೇಳಿದೆ. ಮೊದಲು ಎಲ್ಲರೂ ಹಂಗೇ ಅಂತಾರೆ ಎಂದು ಚಿಟಿಕೆ ಸೋಡಾ ಕಾಗದದಲ್ಲಿ ಕಟ್ಟಿ, ಪೊಟ್ಟಣವನ್ನು ವಾಪಸ್ಸು ಒಳಗಿಟ್ಟರು. ಹಿರಿಯರ ಎದುರು ವಾದ ಮಾಡಲಿಲ್ಲ.

ಮರುದಿನ ತರಗತಿಯಲ್ಲಿ ಜ್ವಾಲಾಮುಖಿ ಹದವಾಗಿ ಉಬ್ಬಿತು. ಉಕ್ಕಲಿಲ್ಲ.

ಚಪ್ಪಲಿ

ಆಮೇಲೆ ತಾಲೀಮು. ನಡುಕ ನಿಂತ ಕೂಡಲೇ ಸಾಲಾಗಿ ಬಯಲಿಗೆ ಬರಬೇಕು. ಸೀಟಿ ಊದಿದೆ. ಸಾಲು ಬಾಗಿಲವರೆಗೆ ಚೆನ್ನಾಗಿಯೇ ಬಂದು ಅಲ್ಲಿ ನಿಂತುಬಿಟ್ಟಿತು. ತರಗತಿಯೊಳಗೆ ಚಪ್ಪಲಿ ತರುವ ರೂಢಿ ನಮ್ಮಲ್ಲಿಲ್ಲ. ಎಲ್ಲರೂ ಬಗ್ಗಿ ತಮ್ಮ ತಮ್ಮ ಜೋಡಿ ಹುಡುಕುತ್ತಿದ್ದರು. ಭೂಕಂಪದಲ್ಲಿ ಚಪ್ಪಲಿ ಬಿಟ್ಟು ಓಡಬೇಕು ಎಂದೆ.

ಮುಂದೆ ನಿಂತಿದ್ದ ಹುಡುಗಿ ಯೋಚಿಸಿ ಹೇಳಿದಳು: "ಸಾಲಿ ಕಟ್ಟಡ ಬಿದ್ದ ಮ್ಯಾಲ ಚಪ್ಪಲಿ ಸಿಗಂಗಿಲ್ರಿ ಸರ."

ಹೆಡ್‌ಮಾಸ್ಟರ್ ಬಂದು ಇವಕ್ಕೆ ಬುದ್ಧಿ ಹೇಳಲಿ ಎಂದು ಸುತ್ತ ನೋಡಿದೆ. ಅವರು ಆಗಲೇ ಬಂದಿದ್ದರು. ಗುಂಪಿನ ನಡುವೆ ಬಗ್ಗಿ, ನನ್ನ ಎಡಗಾಲಿಂದು ಯಾರು ಹಾಕ್ಕೊಂಡೀರಿ ಎಂದು ಕೇಳುತ್ತಿದ್ದರು.

ಪರೀಕ್ಷೆ

ಅಧಿಕಾರಿ ಬಂದರು. ಈ ಕಡೆಗೆ ಹೊಸಬರು. ಹೆಡ್‌ಮಾಸ್ಟರ್ ಜೊತೆ ಹಿಂದಿನ ಬೆಂಚಿನಲ್ಲಿ ಕುಳಿತರು. ನೆಲ ನಡುಗಿದರೆ ಡೆಸ್ಕಿನ ಕೆಳಗೆ ಸೇರಿ, ಬ್ಯಾಗು ತಲೆಯ ಮೇಲೆ ಹಿಡಿದು, ಅಲುಗಾಡದೆ ಕೂತಿರಬೇಕು ಎಂದು ನಾನು ಹೇಳಿ ಮುಗಿಸಿದೆ. ಅದೇ ಹೊತ್ತಿಗೆ ಗುಡ್ಡದ ಆಚೆಯ ಕಲ್ಲು ಕ್ವಾರಿಯಲ್ಲಿ ಮಧ್ಯಾಹ್ನದ ಸಿಡಿತ ಆಯಿತು. ದಿನಾ ಆಗುವಂಥದ್ದು. ಕಿಟಕಿಗಳು ಗಡಗಡ ಅಂದವು, ಸೂರಿನಿಂದ ಸ್ವಲ್ಪ ಸುಣ್ಣ ಉದುರಿತು.

ಮಕ್ಕಳಲ್ಲಿ ಒಬ್ಬರೂ ಕದಲಲಿಲ್ಲ. ಅಧಿಕಾರಿ ಕಾಣಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಡೆಸ್ಕಿನ ಕೆಳಗಿನಿಂದ ಎದ್ದುಬಂದರು. ಮೊಣಕಾಲಿನ ಧೂಳು ಕೊಡವಿಕೊಂಡು, ಇಷ್ಟು ಹೊತ್ತು ಪಾಠ ಮಾಡಿದ್ದೀರಿ, ಒಬ್ಬ ವಿದ್ಯಾರ್ಥಿಯಾದರೂ ಅಡಗಿಕೊಂಡನೇ ಎಂದು ನನ್ನನ್ನು ಕೇಳಿದರು. ನನ್ನ ಮುಂದಿನ ವರ್ಷ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಚಪ್ಪಲಿಯ ಹುಡುಗಿ ಎದ್ದು ನಿಂತಳು. "ಇದು ಕ್ವಾರಿದ್ರಿ ಸರ. ಭೂಕಂಪಕ್ಕ ಮೊದಲ ಸಣ್ಣ ಅಲಿ, ಅದರ ಹಿಂದ ದೊಡ್ಡ ಅಲಿ ಬರತೈತಂತ ನಮ್ಮ ಸರ ಹೇಳ್ಯಾರ. ಇದು ಒಮ್ಮೆ ಢಮ್ ಅಂದು ಸುಮ್ಮನಾತು."

ಅಧಿಕಾರಿ ಅವಳನ್ನು ನೋಡಿದರು. ಆಮೇಲೆ ಹೆಡ್‌ಮಾಸ್ಟರ್ ಕಡೆ ತಿರುಗಿ, ಹಾಗಾದರೆ ಡೆಸ್ಕಿನ ಕೆಳಗೆ ಕೂರುವುದನ್ನು ಯಾರೂ ಕಲಿತಿಲ್ಲ ಎಂದಾಯಿತು ಅಂದರು.

ಹೆಡ್‌ಮಾಸ್ಟರ್ ನನ್ನನ್ನು ಉಳಿಸಲು ಹೊರಟರು. ವಿನಯದಿಂದಲೇ ಹೇಳಿದರು: "ಒಬ್ರು ಕಲತಾರ್ರಿ ಸರ. ನಾ ಪಕ್ಕದಾಗ ಕುಂತು ನೋಡೀನಿ. ಬ್ಯಾಗು ತಲಿ ಮ್ಯಾಲ, ಒಂಚೂರೂ ಅಲಗಾಡಲಿಲ್ಲ. ಎಲ್ಲಾ ಬರೋಬ್ಬರಿ."

ಮಕ್ಕಳೆಲ್ಲ ತಿರುಗಿ ಅಧಿಕಾರಿಯನ್ನು ನೋಡಿದರು. ಊಟದ ಗಂಟೆ ಹೊಡೆದ ಮೇಲೆ ಅಧಿಕಾರಿ ನನ್ನನ್ನು ವರಾಂಡಕ್ಕೆ ಕರೆದು, ಪಾಠ ಪರಿಣಾಮಕಾರಿಯಾಗಿದೆ, ಮುಂದಿನ ವರ್ಷವೂ ನೀವೇ ಇರಿ ಎಂದರು. ಒಂದೇ ಷರತ್ತು, ಇಲ್ಲಿ ನಡೆದದ್ದು ಹೊರಗೆ ಹೋಗಬಾರದು. ನಾನು ಒಪ್ಪಿದೆ. ಹೆಡ್‌ಮಾಸ್ಟರ್ ಒಪ್ಪಿದರು. ಮಕ್ಕಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವರು ಊಟಕ್ಕೆ ಹೋಗಿದ್ದರು.

ಸಂಜೆ ಬಳ್ಳಾರಿ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಕೊಟ್ಟು, ಮುಂದೆ ಹೋಗದೆ ನನ್ನ ಪಕ್ಕದಲ್ಲೇ ನಿಂತ.

"ಸರ, ಒಂದು ಡೌಟ್ರಿ. ಊಟದ ಡಬ್ಬಿ ಇದ್ದ ಬ್ಯಾಗಾದ್ರ ಮೊದಲ ಡಬ್ಬಿ ತಗದು ಆಮ್ಯಾಲ ಬ್ಯಾಗು ತಲಿ ಮ್ಯಾಲ ಇಟ್ಕೋಬೇಕೇನ್ರಿ? ಸಾಹೇಬ್ರ ತಲಿ ಮ್ಯಾಲ ಸಾರು ಸುರದಿತ್ತಂತಲ್ಲ."