ಹೌಕಿ ಕೆರೆಯಲ್ಲಿ ಜನವೋ ಜನ

ಎಲ್ಲ ಶುರುವಾದದ್ದು ಪಾಚಿಯಿಂದ. ಬೆಳಿಗ್ಗೆ ಸಮುಲಿ ಡೇರೆಯಿಂದ ತಲೆ ಹೊರಗೆ ಹಾಕಿ ನೋಡಿದರೆ, ಹಿಂದಿನ ಸಂಜೆಯವರೆಗೂ ಕನ್ನಡಿಯಂತಿದ್ದ ಕೆರೆ ಯಾರೋ ಕೊಪ್ಪರಿಗೆಗಟ್ಟಲೆ ಬಟಾಣಿ ಸಾರು ಸುರಿದು ಹೋದ ಹಾಗೆ ಹಸಿರಾಗಿತ್ತು. ಶಿಬಿರದ ಮಾಲೀಕಳು ದಡದುದ್ದಕ್ಕೂ ಹಗ್ಗ ಕಟ್ಟುತ್ತಿದ್ದಳು.

"ವಿಷದ ಪಾಚಿ ಎದ್ದಿದೆ. ನಾಯೀನೂ ಇಳಿಸ್ಬೇಡಿ," ಎಂದಳು.

ಬಿಸಿಲು ನಾಲ್ಕು ದಿನ ಹೆಚ್ಚಾದರೆ ಪಾಚಿ ಏಳುವುದು ಫಿನ್ಲೆಂಡಿನ ಕೆರೆಗಳಿಗೆ ಹೊಸದಲ್ಲ. ಆದರೆ ಅದಕ್ಕೆ ಇವತ್ತೇ ಮುಹೂರ್ತ ಸಿಗಬೇಕಿತ್ತೇ ಎಂದು ಸಮುಲಿ ಹಲುಬಿದ. ಮಗಳು ವೆನ್ಲಾ ಹಳದಿ ಈಜುಟೋಪಿ ಹಾಕಿಕೊಂಡೇ ಓಟ್ಸ್ ಗಂಜಿ ತಿನ್ನುತ್ತಿದ್ದಳು. ಶಾಲೆ ಶುರುವಾಗುವುದರೊಳಗೆ ಅವಳಿಗೆ ಕಪ್ಪೆಬಿಲ್ಲೆ ಬೇಕಿತ್ತು. ನಾಲ್ಕು ಮಾರು ಈಜಿ ತೋರಿಸಿದ ಮಕ್ಕಳಿಗೆ ಈಜು ಮೇಷ್ಟ್ರು ಕೊಡುವ ಬಟ್ಟೆಯ ಬಿಲ್ಲೆ ಅದು. ಚಿಕ್ಕಮ್ಮನ ಮಗನ ಚಡ್ಡಿಯ ಮೇಲೆ ಅದನ್ನು ಕಂಡಾಗಿನಿಂದ ಅವಳಿಗೆ ಬೇರೆ ಧ್ಯಾನವಿರಲಿಲ್ಲ.

ಪಟ್ಟಣದ ಈಜುಮನೆಗೆ ಹೋಗೋಣ, ಸೂರಿನ ಕೆಳಗೆ ಬೆಚ್ಚಗಿನ ನೀರು, ಕಲಿಸೋದಕ್ಕೆ ಮೇಷ್ಟ್ರು ಎಲ್ಲ ಇದ್ದಾರೆ ಎಂದು ಹೆಂಡತಿ ಹೆನ್ನಾ ರಜೆಗೆ ಮೊದಲೇ ಹೇಳಿದ್ದಳು. ಸಮುಲಿ ಒಪ್ಪಿರಲಿಲ್ಲ. "ಹೆಜ್ಜೆಗೊಂದು ಕೆರೆ ಇರೋ ನಾಡಲ್ಲಿ ಹುಟ್ಟಿ ನಲ್ಲಿ ನೀರಲ್ಲಿ ಈಜು ಕಲಿಯೋದಾ? ಮಾನ ಹೋಗುತ್ತೆ," ಎಂದು ಎಲ್ಲರನ್ನೂ ಡೇರೆಗೆ ಎಳೆದುಕೊಂಡು ಬಂದಿದ್ದ.

ಹೆನ್ನಾ ಹಸಿರು ಕೆರೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಇವತ್ತು ಸಂಜೆಯೊಳಗೆ ಮಗು ನೀರಿಗೆ ಇಳೀಬೇಕು. ಇಲ್ದಿದ್ರೆ ನಾಳೆ ಡೇರೆ ಬಿಚ್ಚು, ಈಜುಮನೆಗೆ ಹೋಗೋದು."

"ಮಿಕ್ಕ ರಜೆ ಪೂರ್ತಿ ಅಲ್ಲೇ," ಎಂದು ಮಡಚು ಕುರ್ಚಿಯಲ್ಲಿ ಕೂತಿದ್ದ ಅತ್ತೆ ಅಯ್ಲಿ ಸೇರಿಸಿದಳು. "ನಾನು ನಿನ್ನೇನೇ ಫೋನ್ ಮಾಡಿ ಜಾಗ ಹಿಡಿಸಿದ್ದೀನಿ. ನನ್ನ ಅಳಿಯ ಎಂಥೋನು ಅಂತ ನಂಗೊತ್ತಿಲ್ವೇ."

ಈ ಹೊತ್ತಿಗೆ ಪಕ್ಕದ ಗಾಡಿಮನೆಯ ರೈಮೊ ಕಾಫಿ ಲೋಟ ಹಿಡಿದು ಬಂದ. ಹದಿನೈದು ಬೇಸಿಗೆಯಿಂದ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಸುತ್ತ ಬೇಲಿ ಕಟ್ಟಿ, ಹೂಕುಂಡ ಇಟ್ಟು, ಶಿಬಿರದ ಎಲ್ಲರ ಕಷ್ಟಸುಖಕ್ಕೂ ಕಿವಿ ಕೊಟ್ಟು ಕೂತಿರುವ ಮನುಷ್ಯ. ಸುತ್ತ ನೋಡಿ ದನಿ ತಗ್ಗಿಸಿದ.

"ಹೌಕಿ ಕೆರೆಗೆ ಹೋಗಯ್ಯ. ಮರಳು ದಡ, ಐವತ್ತು ಹೆಜ್ಜೆ ನಡೆದ್ರೂ ಮೊಣಕಾಲು ಮುಳುಗಲ್ಲ. ಪಾಚಿ ಇಲ್ಲ, ಜಿಗಣೆ ಇಲ್ಲ. ಒಂದು ನರಪಿಳ್ಳೆ ಸುಳಿಯಲ್ಲ ಅಲ್ಲಿ. ನಿಂಗೆ ಅಂತ ಹೇಳ್ತಿದ್ದೀನಿ, ಇನ್ಯಾರಿಗೂ ಬಾಯಿ ಬಿಡಬೇಡ."

ಹೌಕಿ ಕೆರೆ ರೈಮೊ ಹೇಳಿದ್ದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಬರ್ಚ್ ಮರಗಳ ನಡುವೆ ಮಣ್ಣುದಾರಿ ಇಳಿದು ನಿಂತಲ್ಲಿ ಹಿಟ್ಟು ಸೋಸಿ ಹರಡಿದಂಥ ಮರಳು. ಬಟ್ಟೆ ಬದಲಿಸಲು ಹಲಗೆಯ ಗೂಡು. ನೀರಿನ ಮೇಲೆ ಚಾಚಿದ ಮರದ ಅಟ್ಟಣೆ. ಸಮುಲಿಯ ಎದೆ ಉಬ್ಬಿತು, ಮರುಕ್ಷಣ ಇಳಿಯಿತು. ಅಟ್ಟಣೆಯ ತುದಿಯಲ್ಲಿ ಒಬ್ಬ ಮನುಷ್ಯ ಕೂತಿದ್ದ. ಹೆಗಲ ಮೇಲೆ ಟವೆಲು, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

"ಜನ ಇದ್ದಾರೆ," ಎಂದ ಸಮುಲಿ.

"ಹೂಂ. ತುಂಬಿಹೋಗಿದೆ," ಎಂದಳು ಹೆನ್ನಾ.

ಕಾಲು ಮೈಲಿ ಉದ್ದದ ದಡ. ಆದರೂ ಗಂಡಹೆಂಡಿರಿಬ್ಬರಿಗೂ ಸಂಶಯವಿರಲಿಲ್ಲ. ಆ ನಾಡಿನಲ್ಲಿ ಕೆರೆಯ ಬಳಿ ಒಬ್ಬ ಏಕಾಂತವಾಗಿ ಕೂತಿದ್ದಾನೆಂದರೆ ಮಾನಸ್ಥರಾದವರು ಅವನ ಕಣ್ಣಿಗೆ ಬೀಳುವ ಮೊದಲೇ ಜಾಗ ಖಾಲಿ ಮಾಡಬೇಕು. ಅಷ್ಟರಲ್ಲಿ ಆ ಮನುಷ್ಯ ತಿರುಗಿ ಅರ್ಧ ಕೈ ಎತ್ತಿದ.

"ನೋಡು, ಹೋಗಿ ಅಂತಿದ್ದಾನೆ," ಎಂದು ಸಮುಲಿ ಕಾರನ್ನು ಹಿಂದಕ್ಕೆ ಬಿಟ್ಟ.

"ಅಪ್ಪಾ, ಆ ಮಾಮನ ಕತ್ತಲ್ಲಿ ಸೀಟಿ ಇದೆ," ಎಂದಳು ವೆನ್ಲಾ.

"ನಾಯಿ ಸಾಕಿರ್ಬೇಕು ಪುಟ್ಟಿ."

"ನಾನು ಹೋಗಿ ಕೇಳ್ಲಾ, ಇಲ್ಲಿ ಈಜಬಹುದಾ ಅಂತ?"

"ಗೊತ್ತಿಲ್ಲದೋರಿಗೆ ತೊಂದರೆ ಕೊಡಬಾರದು," ಎಂದು ದೊಡ್ಡವರು ಮೂವರೂ ಒಟ್ಟಿಗೆ ಹೇಳಿದರು. ಆ ರಜೆಯಲ್ಲಿ ಅತ್ತೆ ಅಳಿಯ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಮುಂದೆ ಲೆಪ್ಪಾ ಕೆರೆ. ಅಲ್ಲಿ ಮನುಷ್ಯರು ಯಾರೂ ಇರಲಿಲ್ಲ, ಒಂದು ಹಂಸ ಸಂಸಾರ ಇತ್ತು. ಹಂಸವನ್ನು ಚಿತ್ರದಲ್ಲಷ್ಟೇ ಕಂಡವರು ಅದನ್ನು ಸಾಧುಪ್ರಾಣಿ ಎಂದು ನಂಬಿರುತ್ತಾರೆ. ನೀರು ಎಷ್ಟು ತಣ್ಣಗಿದೆ ನೋಡೋಣ ಎಂದು ಸಮುಲಿ ಹೆಬ್ಬೆರಳು ಅದ್ದಿದ್ದೇ ತಡ, ಗಂಡು ಹಂಸ ಕತ್ತು ನೆಟ್ಟಗೆ ಮಾಡಿ, ಬಾಕಿ ವಸೂಲಿಗೆ ಹೊರಟ ಸಾಹುಕಾರನಂತೆ ಬುಸುಗುಡುತ್ತ ದಡ ಹತ್ತಿತು. ಸಮುಲಿ ಕಾಲಿಗೆ ಬುದ್ಧಿ ಹೇಳಿದ. ಅವನ ಒಂದು ಚಪ್ಪಲಿ ಹಂಸದ ಸ್ವಾಧೀನವಾಯಿತು.

"ಬಿಡು, ಅದರ ಮಕ್ಕಳಿಗೆ ದೋಣಿ ಆಯ್ತು," ಎಂದಳು ಅಯ್ಲಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತ.

ಮೂರನೆಯದು ಮುಸ್ತಾ ಹೊಂಡ. ಕಾಡಿನ ಒಳಗೆ, ಜೌಗಿನ ನಡುವೆ. ಕುದುರೆನೊಣಗಳು ಮದುವೆಮನೆಗೆ ನೆಂಟರು ಬಂದಂತೆ ಬಂದು ಮುತ್ತಿದವು. ನೀರಿನ ಬಣ್ಣ ಅಯ್ಲಿಯ ಕಾಫಿಯದೇ. "ಜೌಗಿನ ನೀರು ಮೈಗೆ ಒಳ್ಳೇದು, ಮೊದಲು ನಾನು ಇಳಿದು ನೋಡ್ತೀನಿ," ಎಂದು ಸಮುಲಿ ಒಂದು ಹೆಜ್ಜೆ ಇಟ್ಟ. ಆ ಒಂದು ಹೆಜ್ಜೆ ಮೊಣಕಾಲು ದಾಟಿ, ತೊಡೆ ದಾಟಿ, ಸೊಂಟದ ತನಕ ಹೋಯಿತು. ಹೆನ್ನಾ ಡೇರೆಯ ಹಗ್ಗ ಎಸೆದು ಎಳೆದಳು. ಅವನು ಮೇಲೆ ಬಂದ, ಉಳಿದ ಚಪ್ಪಲಿ ಬರಲಿಲ್ಲ.

"ಕಾಫಿಯಲ್ಲಿ ಅದ್ದಿದ ಬನ್ನು ನೋಡಿದ ಹಾಗಾಯ್ತು," ಎಂದಳು ಅತ್ತೆ. "ಈಜುಮನೆಯ ನೆಲಕ್ಕೆ ಬಿಳಿ ಟೈಲ್ಸ್ ಹಾಕಿದ್ದಾರೆ. ಕಾಲಿಟ್ಟರೆ ಅಲ್ಲೇ ಇರುತ್ತೆ."

ಹಿಂದಿನ ಸೀಟಿನಲ್ಲಿ ವೆನ್ಲಾ ಅಳುತ್ತಿರಲಿಲ್ಲ. ಟೋಪಿಯನ್ನು ಕಿವಿಯ ಕೆಳಗೆ ಎಳೆದುಕೊಂಡು ಕಿಟಕಿ ನೋಡುತ್ತಿದ್ದಳು. ಅತ್ತಿದ್ದರೇ ವಾಸಿಯಿತ್ತು ಅನ್ನಿಸಿತು ಸಮುಲಿಗೆ.

"ಹೌಕಿ ಕೆರೆಗೇ ಹೋಗೋಣ. ಇಷ್ಟು ಹೊತ್ತಿಗೆ ಅವನು ಎದ್ದು ಹೋಗಿರ್ತಾನೆ," ಎಂದ.

ಮಣ್ಣುದಾರಿಯಲ್ಲಿ ಎದುರಿಗೊಂದು ಕಾರು ವಾಪಸು ಬರುತ್ತಿತ್ತು. ಅದರ ಹಿಂದಿನ ಸೀಟಿನಲ್ಲೂ ಮಕ್ಕಳು, ಅವರ ಮುಖವೂ ಇಷ್ಟುದ್ದ. ಅಟ್ಟಣೆಯ ಮೇಲೆ ಆ ಮನುಷ್ಯ ಕೊಕ್ಕರೆಯಂತೆ ಕೂತೇ ಇದ್ದ. ಕಾರು ಕಂಡವನೇ ಈ ಸಲ ಎದ್ದು ನಿಂತ. ಬುಟ್ಟಿ ಕೈಗೆತ್ತಿಕೊಂಡು ನೇರ ಇವರ ಕಡೆಗೇ ನಡೆದು ಬರತೊಡಗಿದ.

"ಬರ್ತಿದ್ದಾನೆ," ಎಂದಳು ಹೆನ್ನಾ.

ಅಪರಿಚಿತನೊಬ್ಬ ತಾನಾಗಿ ಮಾತಾಡಿಸಲು ಬರುತ್ತಾನೆಂದರೆ, ಆ ಸೀಮೆಯಲ್ಲಿ, ಒಂದೋ ಕಾಡಿಗೆ ಬೆಂಕಿ ಬಿದ್ದಿರಬೇಕು, ಇಲ್ಲ ಅವನು ಕುಡಿದಿರಬೇಕು. ಹೊಗೆ ಎಲ್ಲೂ ಕಾಣಲಿಲ್ಲ. ಸಮುಲಿ ಮಣ್ಣುದಾರಿಯ ಕೊನೆಯವರೆಗೂ ಹಿಮ್ಮುಖವಾಗಿಯೇ ಕಾರು ಓಡಿಸಿದ.

ಶಿಬಿರಕ್ಕೆ ಬಂದ ಮೇಲೆ ಯಾರೂ ಅವನನ್ನು ಬಯ್ಯಲಿಲ್ಲ. ಹೆನ್ನಾ ಸುಮ್ಮನೆ ಡೇರೆಯ ಗೂಟ ಕೀಳತೊಡಗಿದಳು. ಕೆಸರು ಮೈಯ ಸಮುಲಿ ಗಂಡಸರ ಸರದಿ ಬಂದ ಕೂಡಲೇ ಶಿಬಿರದ ಹಬೆಮನೆ ಸೌನಾಕ್ಕೆ ಹೋಗಿ, ಹಬೆ ತುಂಬಿದ ಮೇಲಿನ ಹಲಗೆಯಲ್ಲಿ ಕೂತ. ಪಕ್ಕದಲ್ಲಿ ರೈಮೊ. ಮೂಲೆಯ ಕತ್ತಲಲ್ಲಿ ಹೊರಗಿನಿಂದ ಬಂದ ಇನ್ನೊಬ್ಬ.

ಹೊರಗೆ ಬಾಯಿ ಬಿಡದ ಜನ ಸೌನಾದಲ್ಲಿ ಬಟ್ಟೆಯ ಜೊತೆ ಸಂಕೋಚವನ್ನೂ ಗೂಟಕ್ಕೆ ತೂಗುಹಾಕಿ ಬರುತ್ತಾರೆ. ಮೂಲೆಯವನು ತಾನಾಗಿ ನಿಟ್ಟುಸಿರು ಬಿಟ್ಟ.

"ಇಂಥ ದಿನ ಶತ್ರುವಿಗೂ ಬೇಡಪ್ಪ."

"ಏನಾಯ್ತು ಸ್ವಾಮಿ?" ಎಂದ ರೈಮೊ.

"ನಾನು ಈಜು ಮೇಷ್ಟ್ರು. ಊರಿನ ಆಡಳಿತದೋರು ಈ ವಾರ ಹೌಕಿ ಕೆರೆಗೆ ಹಾಕಿದ್ರು, ಮಕ್ಕಳಿಗೆ ಕಲಿಸೋದಕ್ಕೆ. ಇವತ್ತು ಕೊನೇ ದಿನ. ಕಪ್ಪೆಬಿಲ್ಲೆ ಚೀಲದ ತುಂಬ ತಂದಿದ್ದೆ. ನನ್ನ ಹೆಂಡತಿ ಮಕ್ಕಳಿಗೆ ಅಂತ ಏಲಕ್ಕಿ ಬನ್ನು ಬೇರೆ ಸುಟ್ಟು ಕೊಟ್ಟಿದ್ಳು. ಬೆಳಿಗ್ಗೆಯಿಂದ ಕಾರಿನ ಮೇಲೆ ಕಾರು ಬರುತ್ತೆ, ನಿಲ್ಲುತ್ತೆ, ನನ್ನ ಮುಖ ನೋಡುತ್ತೆ, ತಿರುಗಿ ಹೋಗುತ್ತೆ."

"ಛೆ, ನಮ್ಮ ಶಿಬಿರದೋರೇ. ಎಲ್ಲರಿಗೂ ಒಬ್ಬೊಬ್ಬರಾಗಿ ನಾನೇ ಗುಟ್ಟಲ್ಲಿ ಹೇಳಿ ಕಳಿಸಿದ್ದೆ," ಎಂದ ರೈಮೊ.

ಸಮುಲಿ ಸೌಟೆತ್ತಿ ಕಾದ ಕಲ್ಲಿನ ಮೇಲೆ ನೀರು ಹುಯ್ದ. ಮುಖ ಮರೆಯಾಗುವಷ್ಟು ಹಬೆ ಎದ್ದಿತು.

"ಒಬ್ಬನಂತೂ ಎರಡು ಸಲ ಬಂದ. ಹಿಂದೆ ಹಳದಿ ಟೋಪಿ ಹಾಕ್ಕೊಂಡ ಮಗು, ಕಿಟಕಿಗೆ ಮೂಗು ಒತ್ತಿಕೊಂಡು ನನ್ನೇ ನೋಡ್ತಿತ್ತು. ಕೈಯೆತ್ತಿದೆ, ಓಡಿದ. ಎರಡನೇ ಸಲ ಬುಟ್ಟಿ ಹಿಡಿದು ಎದುರಿಗೆ ಹೋದೆ, ಹಿಮ್ಮುಖವಾಗಿ ಓಡಿದ."

"ಕೂಗಿ ಕರೀಬಾರದಿತ್ತೇ?" ಎಂದು ಹಬೆಯ ಒಳಗಿನಿಂದ ಸಮುಲಿ ಸಣ್ಣಗೆ ಕೇಳಿದ.

ಮೇಷ್ಟ್ರು ಗಾಬರಿಯಾದರು. "ಕೂಗೋದಾ? ಗೊತ್ತಿಲ್ಲದೋರನ್ನಾ?"

ಸಮುಲಿ ಇನ್ನೊಂದು ಸೌಟು ಹುಯ್ದ.

"ಹೋಗ್ಲಿ ಬಿಡಿ. ಮಕ್ಕಳು ಬರಲ್ಲ ಅಂತ ಕೆರೆ ತರಗತಿ ನಿಲ್ಲಿಸಿಬಿಟ್ರು. ನಾಳೆಯಿಂದ ನನ್ನನ್ನ ಪಟ್ಟಣದ ಈಜುಮನೆಗೆ ಹಾಕಿದ್ದಾರೆ. ನಾಲ್ಕು ಗೋಡೆ ಇರುತ್ತೆ, ಓಡಿಹೋಗೋಕಾಗಲ್ಲ."

ಸಮುಲಿ ತಾಳಲಾದಷ್ಟು ಹೊತ್ತು ತಾಳಿ, ಬೆಂದ ಸೀಗಡಿಯಂತೆ ಕೆಂಪಾಗಿ, ಟವೆಲು ಸುತ್ತಿಕೊಂಡು ಹೊರಗೆ ಬಂದ. ಮೇಷ್ಟ್ರೂ ಬುಟ್ಟಿ ಹಿಡಿದು ಹಿಂದೆಯೇ ಬಂದರು. ಬಾಗಿಲಲ್ಲೇ ವೆನ್ಲಾ ನಿಂತಿದ್ದಳು, ತಲೆಯ ಮೇಲೆ ಹಳದಿ ಟೋಪಿ.

"ಅಪ್ಪಾ, ಸೀಟಿ ಮಾಮ."

ಮೇಷ್ಟ್ರು ಟೋಪಿ ನೋಡಿದರು, ಆಚೆ ನಿಂತ ಕಾರು ನೋಡಿದರು, ಸಮುಲಿಯನ್ನು ನೋಡಿದರು. ಅಲ್ಲಿ ಹಬೆ ಇರಲಿಲ್ಲ. ಆದ್ದರಿಂದ ಇಬ್ಬರೂ ಏನೂ ಮಾತಾಡಲಿಲ್ಲ. ಮೇಷ್ಟ್ರು ಮಗುವಿನ ಕೈಗೆ ಒಂದು ಬನ್ನು ಕೊಟ್ಟು, ತಲೆ ತಗ್ಗಿಸಿ ಹೊರಟುಹೋದರು.

"ಅಳಿಯ," ಎಂದು ಅಯ್ಲಿ ಕಾರಿನ ಮುಂದಿನ ಸೀಟಿನಿಂದಲೇ ಕೂಗಿದಳು. ಅವಳು ಆಗಲೇ ಸೀಟು ಹಿಡಿದು ಕೂತಿದ್ದಳು. "ಈಜುಮನೆಯಿಂದ ಫೋನ್ ಬಂದಿತ್ತು. ನಾಳೆ ಹೊಸ ಮೇಷ್ಟ್ರು ಬರ್ತಾರಂತೆ. ಒಂದೇ ಕಟ್ಟಳೆ, ಮಗು ಜೊತೆ ಅಪ್ಪನೂ ನೀರಿಗಿಳಿದು ಮೇಷ್ಟ್ರ ಪಕ್ಕದಲ್ಲೇ ನಿಂತ್ಕೋಬೇಕಂತೆ. ದಿನಾ."