ಅಂಗಡಿಯಲ್ಲಿ ಸಿಗದ ಗುಡುಗು

ಮದುವೆಯಾಗಿ ಮೂರು ವರ್ಷವಾದರೂ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಒಮ್ಮೆಯೂ ಬರಲಿಲ್ಲವೆಂಬುದು ಬನವಾಸಿಯ ಚಂದ್ರಶೇಖರಪ್ಪನ ಕೊರಗು. ಗಂಡನ ಹೆಸರು ಹೇಳಬಾರದೆಂಬ ರೀತಿಯನ್ನು ಮುರಿಗೆವ್ವ ಉಸಿರಾಡಿದಷ್ಟೇ ಸಹಜವಾಗಿ ಪಾಲಿಸುತ್ತಿದ್ದಳು. (ಅವನೂ ಅವಳ ಹೆಸರು ಹಿಡಿದು ಕರೆದವನಲ್ಲ; ಅದು ಬೇರೆ ಮಾತು.) ಧಾರವಾಡದಲ್ಲಿ ಬಿ.ಎ. ಮಾಡಿ ಬಂದು ಊರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಈ ಮಾಸ್ತರನಿಗೆ, ಆ ಆರು ಅಕ್ಷರಗಳು ಅವಳ ದನಿಯಲ್ಲಿ ಹೇಗೆ ಕೇಳಿಸಿಯಾವೆಂದು ಕನಸು ಕಾಣುವುದೇ ಸಂಜೆಯ ಉದ್ಯೋಗವಾಗಿತ್ತು.

ಒಂದು ದಿನ ನಿಘಂಟಿನಲ್ಲಿ 'ಅಸ್ಟಾನಿಶ್' ಎಂಬ ಕ್ರಿಯಾಪದ ಕಣ್ಣಿಗೆ ಬಿತ್ತು. ಬೆರಗುಗೊಳಿಸು ಎಂಬ ಅರ್ಥ ಅವನಿಗೆ ಗೊತ್ತಿತ್ತು, ಮೂಲ ಗೊತ್ತಿರಲಿಲ್ಲ. ಅದರ ಬೇರು ಲ್ಯಾಟಿನ್ ಭಾಷೆಯ ಗುಡುಗಿನಲ್ಲಿದೆಯಂತೆ. ಗುಡುಗು ಬಡಿದವರಂತೆ ಮೈಮರೆತು ನಿಲ್ಲುವುದಿದೆಯಲ್ಲ, ಅದೇ ಅದರ ಹಳೆಯ ಅರ್ಥ. ಚಂದ್ರಶೇಖರಪ್ಪ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಸೂರು ನೋಡಿದ. ಮೈಮರೆತವರಿಗೆ ರೀತಿ ರಿವಾಜು ಎಲ್ಲಿ ನೆನಪಿದ್ದೀತು? ಬೆಚ್ಚಿಬಿದ್ದ ಹೆಂಗಸು ಗಂಡನನ್ನಲ್ಲದೆ ಇನ್ಯಾರನ್ನು ಕೂಗಿಯಾಳು?

ಗುಡುಗು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಶಿರಸಿಯಿಂದ ಒಂದು ಅಲಾರಂ ಗಡಿಯಾರ ತಂದ. ಅಂಥದ್ದನ್ನು ಮುರಿಗೆವ್ವ ಕಂಡಿರಲಿಲ್ಲ. ಭಾನುವಾರ ಮಧ್ಯಾಹ್ನ ಅವಳು ರೊಟ್ಟಿಹಿಟ್ಟು ತೆಗೆಯುವ ಹೊತ್ತಿಗೆ, ಸರಿಯಾಗಿ ಮೂರಕ್ಕೆ, ಬಡಿಯುವಂತೆ ಕೀಲಿ ಕೊಟ್ಟು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟ. ಪಡಸಾಲೆಯಲ್ಲಿ ಅಪ್ಪ ಊರಿನ ಇಬ್ಬರು ಹಿರಿಯರೊಡನೆ ಎಲೆಅಡಿಕೆ ಹಾಕುತ್ತ ಕುಳಿತಿದ್ದರು. ಇವನು ಅಲ್ಲೇ ಗೋಡೆಗೊರಗಿ ಕಾದ. ಬಿಸಿಲು ಅಂಗಳದಲ್ಲಿ ಮೆಲ್ಲಗೆ ಸರಿಯುತ್ತಿತ್ತು. ಕಣ್ಣು ಮುಚ್ಚಿದರೆ ಮುರಿಗೆವ್ವ ಹಿಟ್ಟು ಮೆತ್ತಿದ ಕೈ ಎತ್ತಿ ನಿಂತಿದ್ದಳು. ಅವಳ ತುಟಿ ಬಿಚ್ಚುತ್ತಿತ್ತು. ಅವನ ಹೆಸರಿನ ಮೊದಲ ಅಕ್ಷರ ಹತ್ತಿಯ ಎಳೆಯಂತೆ ತೇಲಿ ಬರುತ್ತಿತ್ತು.

ಅವನಿಗೆ ನಿದ್ದೆ ಹತ್ತಿತು.

ಮುರಿಗೆವ್ವ ಅಂದು ಅರ್ಧ ತಾಸು ಮೊದಲೇ ಹಿಟ್ಟಿಗೆ ಹೋದಳು. ಡಬ್ಬಿಯ ಹಿಂದೆ ಟಿಕ್‌ಟಿಕ್ ಕೇಳಿಸಿತು. ಎಲ್ಲಿಟ್ಟೆನೆಂದು ಮರೆತು ಮಾಸ್ತರರು ಮನೆಯೆಲ್ಲ ಹುಡುಕಿಯಾರೆಂದು, ಆ ಯಂತ್ರವನ್ನು ಸೆರಗಿನಿಂದ ಒರೆಸಿ, ಸದ್ದಿಲ್ಲದೆ ತಂದು, ಮಲಗಿದವನ ಕಿವಿಯ ಪಕ್ಕದ ಗೂಡಿನಲ್ಲಿಟ್ಟು ಹೋದಳು.

ಮೂರಾಯಿತು.

"ಮುರಿಗೆವ್ವಾ!" ಎಂದು ಅರಚುತ್ತ ಚಂದ್ರಶೇಖರಪ್ಪ ನೆಗೆದು ನಿಂತ. ಹಿರಿಯರೊಬ್ಬರ ಕೈಯಿಂದ ಅಡಿಕೆ ಜಾರಿತು. ಅಪ್ಪ ಗಡಿಯಾರವನ್ನೂ ಮಗನನ್ನೂ ಒಂದೊಂದು ಸಲ ನೋಡಿದರು.

"ಬಿ.ಎ.ದಾಗ ಹೇಣ್ತಿ ಹೆಸರ ಹಿಡದು ಕೂಗೂದು ಕಲಸ್ತಾರೇನಪಾ?" ಎಂದು ಕೇಳಿದರು.

ಅಲ್ಲಿ ನಿಲ್ಲಲಾರದೆ ಅವನು ಅಡುಗೆಮನೆ ಸೇರಿ, ನಿಘಂಟಿನಿಂದ ಹಿಡಿದು ಗಡಿಯಾರದವರೆಗೆ ಎಲ್ಲವನ್ನೂ ಒಪ್ಪಿಸಿದ. ಮುರಿಗೆವ್ವ ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡಳು.

"ಆ ಗಂಟಿಗೆ ನಾ ಏನೂ ಅಂಜಲಿಲ್ರಿ," ಎಂದಳು. "ನೀವು ಹೆಸರ ಹಿಡದು ಕರದ್ರಲ್ಲ, ಆಗ ಕೈಯಾಗಿನ ರೊಟ್ಟಿ ಹರೀತು."

ಒಲೆಯತ್ತ ಮುಖ ತಿರುಗಿಸಿ, ದನಿ ತಗ್ಗಿಸಿದಳು.

"ಇನ್ನೊಮ್ಮೆ ಕರೀರಿ, ನೋಡೋಣು. ಸಾವಕಾಶ."

ಚಂದ್ರಶೇಖರಪ್ಪ ಬಾಯಿ ತೆರೆದ. ಪಡಸಾಲೆಯಲ್ಲಿ ಅಪ್ಪ ಕೆಮ್ಮಿದರು.

"ಒಂದು ತಂಬಗಿ ನೀರು ಕೊಡು," ಎಂದ.