ಕಂಬರಲಿಯ ಕೈಗೆ ಊರೆಲ್ಲಾ ವೈದ್ಯರು

ಮರ್ಗಿಲಾನ್ ಪಟ್ಟಣದ ಮದುವೆಗಳಿಗೆ ಪಲಾವ್ ಬೇಯಿಸುವ ಕಂಬರಲಿಯ ಬಲಗೈ ಮೇಲೆ ಬಿಳಿ ಮಚ್ಚೆಯೊಂದು ಮೂಡಿತ್ತು. ಚರ್ಮದ ಡಾಕ್ಟರು ಮುಲಾಮು ಕೊಟ್ಟು, "ತೆಳ್ಳಗೆ ಹಚ್ಚಿ, ತಿಂಗಳುಗಟ್ಟಲೆ ಕಾಯಿರಿ. ಯಾರಿಗೂ ಅಂಟೋದಿಲ್ಲ" ಎಂದಿದ್ದರು. ಡಾಕ್ಟರಿಗೆ ತಾಳ್ಮೆ ಇತ್ತು, ಬೀದಿಗೆ ಇರಲಿಲ್ಲ.

ಅಂದು ಶರಾಫತ್ ಒಪಾಳ, ಅಂದರೆ ಶರಾಫತ್ ಅಕ್ಕನ, ಮಗನ ಮದುವೆ. ಕಂಬರಲಿ ಅವಳ ಅಂಗಳದಲ್ಲಿ ಕ್ಯಾರೆಟ್ ಹೆಚ್ಚಲು ಕೂತದ್ದೇ ತಡ, ಪಕ್ಕದ ಮನೆಯ ಮುದುಕಿ ಅಂಜೂರದ ಎಲೆ ಮುರಿದು ಅದರ ಹಾಲನ್ನು ಮಚ್ಚೆಗೆ ತಿಕ್ಕಿದಳು.

"ಅಜ್ಜಿ, ಉರೀತಿದೆ!"

"ಉರೀಲಿ. ಉರಿಯದ ಮದ್ದು ಒಂದು ಮದ್ದಾ?"

ಉರಿ ಆರುವ ಮೊದಲೇ ಕ್ಷೌರದ ಮಿರ್ಜೋಹಿದ್ ಯಾವುದೋ ಕಾಡುಬೀಜದ ಎಣ್ಣೆ ತಂದು ಸುರಿದ. "ಬಿಸಿಲಿಗೆ ಹಿಡಿ, ಅಕಾ, ನನ್ನಣ್ಣಾ. ಸಂಜೆಗೆ ನನ್ನ ಹೆಸರು ಹೇಳ್ತೀಯ."

ಸಂಜೆಯವರೆಗೆ ಕಾಯಬೇಕಾಗಲಿಲ್ಲ. ಕೈ ಬೆಂದ ಬೀಟ್‌ರೂಟಿನಂತೆ ಊದಿಕೊಂಡಿತು. ಕಂಬರಲಿ ಅವನ ಹೆಸರು ಹೇಳಿದ. ಜತೆಗೆ ಅವನ ಅಪ್ಪನ ಹೆಸರನ್ನೂ ತಾತನ ಹೆಸರನ್ನೂ ಬೀದಿಗೆಲ್ಲ ಕೇಳುವಂತೆ ಹೇಳಿದ.

ಕೂಗಾಟಕ್ಕೆ ಶರಾಫತ್ ಓಡಿಬಂದಳು. "ಅಯ್ಯೋ, ತೊನ್ನು! ಬೀಗರು ನೋಡಿದ್ರೆ ಒಂದಗುಳೂ ಮುಟ್ಟಲ್ಲ. ಚಾಕು ಕೆಳಗಿಡು, ನಡಿ ಆಚೆ!"

"ಒಪಾ, ನಿಮ್ಮ ಮಗನ ಸುನ್ನತಿಗೂ ಇದೇ ಕೈ ಬೇಯಿಸಿತ್ತು!"

"ಆಗ ಕೈಗೆ ಒಂದೇ ಬಣ್ಣ ಇತ್ತು!"

ಕಂಬರಲಿ ಚಾಕು ಬಿಸಾಡಿ ಹಿತ್ತಲ ಬಾಗಿಲಿಗೆ ನಡೆದ. ಅಲ್ಲಿ ಹೆಂಗಸೊಬ್ಬಳು ಅಡ್ಡ ನಿಂತಳು.

"ನೀವೇನು ಹಚ್ಚೋಕೆ ಬಂದ್ರಿ? ಕತ್ತೆ ಲದ್ದಿಯಾ? ಹಚ್ಚಿ!" ಎಂದು ಅಬ್ಬರಿಸಿ ಕೈ ಚಾಚಿದ.

"ಮೆಲ್ಲಗೆ, ಅಕಾ. ನಾನು ಮದುಮಗಳ ಚಿಕ್ಕಮ್ಮ. ನಿಮ್ಮ ಡಾಕ್ಟರು ಯಾರು?" ಅವಳು ದನಿ ತಗ್ಗಿಸಿದಳು. "ನಮ್ಮ ಹುಡುಗಿಯ ಮೊಣಕಾಲಲ್ಲೂ ಇಂಥದೇ ಮಚ್ಚೆ ಇದೆ. ಹುಡುಗನಿಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ."

ಕಂಬರಲಿ ಅಂಗಳದತ್ತ ತಿರುಗಿದ. ಶರಾಫತ್ ಬೀಗರೆದುರು ಕೊಚ್ಚಿಕೊಳ್ಳುತ್ತಿದ್ದಳು: "ಆ ತೊನ್ನಿನವನನ್ನ ಹೊಸಿಲು ದಾಟಿಸಿ ಆಚೆ ಅಟ್ಟಿದೆ ನೋಡಿ!" ಒಂದೇ ಮಾತು ಸಾಕಿತ್ತು, ಆ ಜಂಭ ಇಳಿದುಹೋಗುತ್ತಿತ್ತು. ಮಾತು ನಾಲಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಆದರೆ ಆ ಏಟು ಬೀಳುವುದು ಶರಾಫತ್‌ಗಲ್ಲ, ಮುಸುಕಿನೊಳಗೆ ಕೂತ ಹುಡುಗಿಗೆ.

ಚಿಕ್ಕಮ್ಮನಿಗೆ ಡಾಕ್ಟರ ವಿಳಾಸ ಹೇಳಿ ಬೀದಿಗಿಳಿದ.

"ನೋಡ್ರೋ, ತಿರುಗಿ ಒಂದು ಮಾತಾಡೋಕೂ ಬಾಯಿಲ್ಲ ಇವನಿಗೆ!" ಎಂದು ಜನ ನಕ್ಕರು.

ಬಾಯಿ ಇತ್ತು. ಉರಿಯುವ ಕೈಯಿಂದಲೇ ಅದನ್ನು ಮುಚ್ಚಿಕೊಂಡು ಕಂಬರಲಿ ಮನೆಗೆ ನಡೆದ.